ಮೂರು ಸಲ ಓದಿ ಒಲೆಗೆ

ಭಾಲ್ಕಿಯ ನಮ್ಮ ಮನೆಗೆ ಇದ್ದದ್ದು ಒಂದೇ ಬಾಗಿಲು. ಓಣಿಯ ಕಡೆಗೆ ಕಿಟಕಿ ಇರಲಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ, ಮಾಳಿಗೆಯ ನಡುವೆ ತಟ್ಟೆಯಗಲದ ಒಂದು ಬೆಳಕಿಂಡಿ. ಹೊತ್ತು ಏರಿದಂತೆ ಆ ಕಿಂಡಿಯ ಬಿಸಿಲು ಪಡಸಾಲೆಯ ಪಡುವಣ ಗೋಡೆಯಿಂದ ಇಳಿದು, ಬೀಸುವ ಕಲ್ಲನ್ನು ದಾಟಿ, ಮೂಡಣ ಗೋಡೆಯನ್ನು ಹತ್ತಿ ಆರಿಹೋಗುತ್ತಿತ್ತು. ಹಿಂದೆ, ನಾಲ್ಕು ಎತ್ತರದ ಗೋಡೆಗಳ ನಡುವೆ, ಬಾವಿಯೂ ಎಮ್ಮೆಯ ಕೊಟ್ಟಿಗೆಯೂ ಇದ್ದ ಚಿಕ್ಕ ಅಂಗಳ. ರಜಾಕಾರರ ಹಾವಳಿ ಹೆಚ್ಚಿದ ವರ್ಷ, ಸಂಕ್ರಾಂತಿ ಕಳೆದ ಕೆಲವೇ ದಿನಗಳಲ್ಲಿ, ಅಪ್ಪನೂ ಅವನ ತಮ್ಮ ವೈಜಪ್ಪಕಾಕಾನೂ ನಿಜಾಮನ ಸರಹದ್ದು ದಾಟಿ ಆಚೆಯ ಹೋರಾಟಗಾರರ ಬಿಡಾರ ಸೇರಿದರು. ಅವರು ಹೋದ ದಿನ ಅಪ್ಪನ ತಾಯಿ, ನಮ್ಮ ಆಯಿ, ಬಾಗಿಲಿಗೆ ಅಗಳಿ ಹಾಕಿದಳು. ಅಲ್ಲಿಂದ ಭಾದ್ರಪದದವರೆಗೆ ಆ ಅಗಳಿ ಎಷ್ಟು ಸಲ ಸರಿಯಿತೆಂಬುದನ್ನು ಬೆರಳೆಣಿಸಿ ಹೇಳಬಲ್ಲೆ. ಒಳಗೆ ಉಳಿದವರು ನಾಲ್ವರು: ಆಯಿ, ಅವ್ವ, ಕಾಕಾನ ಹೆಂಡತಿ ಕಾಶೀಕಾಕಿ ಮತ್ತು ಒಂಬತ್ತು ವರ್ಷದ ನಾನು. ನೀರಿಗೆ ಬಾವಿಯಿತ್ತು, ಹಗೇವಿನಲ್ಲಿ ಜೋಳವಿತ್ತು, ಬೀಸಲು ಕಲ್ಲಿತ್ತು, ಎಮ್ಮೆಗೆ ಮೇವಿತ್ತು. ಹೊರಗೆ ಹೋಗಬೇಕಾದ ಕಾರಣ ಒಂದಾದರೂ ಇದ್ದಿದ್ದರೆ ಒಳಗಿರುವುದು ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಓಣಿಯಲ್ಲಿ ಕವಾಯತಿನ ಹೆಜ್ಜೆ ಕೇಳಿದಾಗ ಅವ್ವ ಒಲೆಯ ಉರಿ ತಗ್ಗಿಸುತ್ತಿದ್ದಳು. ಹೊಗೆ ಕಂಡರೆ ಮನೆಯಲ್ಲಿ ಜನರಿದ್ದಾರೆಂದು ತಿಳಿದೀತು ಎಂಬುದು ಅವಳ ಲೆಕ್ಕ. ನಾವು ನಾಲ್ವರೂ ಅಲ್ಲಿದ್ದೇವೆಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ.

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಬರುವುದಿಲ್ಲವೆಂಬ ಕೊರತೆಯೂ ಅವಳಿಗೆ ಇರಲಿಲ್ಲ. ಓಣಿಯ ಯಾವ ಮಗು ಯಾವ ಸುಗ್ಗಿಯಲ್ಲಿ ಹುಟ್ಟಿತು, ಯಾವ ಎಮ್ಮೆ ಯಾವ ಎಮ್ಮೆಯ ಮೊಮ್ಮಗಳು, ಯಾರು ಯಾರಿಗೆ ಯಾವ ಮರದ ಕೆಳಗೆ ಏನು ಮಾತು ಕೊಟ್ಟಿದ್ದರು, ಎಲ್ಲವೂ ಅವಳ ಬಾಯಲ್ಲಿತ್ತು. ಬಾಗಿಲು ಇನ್ನೂ ತೆರೆದಿದ್ದ ದಿನಗಳಲ್ಲಿ ನೆರೆಯ ಇಬ್ಬರು ಗೋಡೆಯ ಗಡಿಗಾಗಿ ಜಗಳವಾಡಿ ಅವಳ ಬಳಿ ಬಂದದ್ದು ನನಗೆ ನೆನಪಿದೆ. ಒಬ್ಬನ ಕೈಯಲ್ಲಿ ಉರ್ದುವಿನ ಒಂದು ಕಾಗದವಿತ್ತು. ಆಯಿ ಆ ಕಾಗದವನ್ನು ನೋಡಲೂ ಇಲ್ಲ.

"ಗ್ವಾಡಿ ಏಳುವಾಗ ಇಲ್ಲಿ ನಿಮ್ಮಪ್ಪ ನಿಂತಿದ್ದ, ಅಲ್ಲಿ ಇವನ ಮುತ್ಯಾ. ಹಗ್ಗ ಹಿಡದಂವ ಕುಂಬಾರ ಭೀಮ. ಅವತ್ತ ನಮ್ಮ ಮನ್ಯಾಗ ಹುಗ್ಗಿ. ನಿಮ್ಮಪ್ಪ ಎರಡು ಸಲ ನೀಡಿಸ್ಕೊಂಡ. ಹುಗ್ಗಿ ಉಂಡ ಬಾಯಿಲೆ ಒಪ್ಪಿದ ಮಾತದು. ಈಗ ಹಾಳಿ ತಂದೀಯಲ್ಲ, ನಿನ್ನ ಹಾಳಿ ಅವತ್ತ ಎಲ್ಲಿ ಉಂಡಿತ್ತು?"

ಕಾಗದ ತಂದವನು ಅದನ್ನು ಮಡಿಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು ಹೋದ. ಬರೆದಿಡುವವರಿಗೆ ಮರೆವು ಹೆಚ್ಚು ಎಂದು ಆಯಿ ನಂಬಿದ್ದಳು. ಅಪ್ಪ ಮಾತ್ರ ಬೇರೆ ಜಾಡಿನ ಮನುಷ್ಯ. ಊರಿನ ಸಾಲೆಯವರು ಉರ್ದುವನ್ನಷ್ಟೇ ಕಲಿಸುತ್ತಿದ್ದ ಕಾಲವದು. ಅಪ್ಪ ಪಡಸಾಲೆಯ ನೆಲದ ಮೇಲೆ ಒಲೆಯ ಬೂದಿ ಹರವಿ, ನನ್ನ ತೋರುಬೆರಳು ಹಿಡಿದು, ಕನ್ನಡದ ಅಕ್ಷರಗಳನ್ನು ತಿದ್ದಿಸಿದ. ಏಳು ವರ್ಷಕ್ಕೆ ನಾನು ಓದಬಲ್ಲವಳಾದೆ, ಎಂಟಕ್ಕೆ ಅಸಹನೀಯಳಾದೆ. ಅವ್ವ 'ಮನಿ' ಎಂದರೆ 'ಮನೆ' ಎಂದು ತಿದ್ದುತ್ತಿದ್ದೆ. ಹದಿನೆಂಟರ ಕಾಶೀಕಾಕಿ ನಕ್ಕು ನಕ್ಕು ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಹಿಂಡುತ್ತಿದ್ದಳು.

"ಬಂದ್ಳು ನೋಡ್ರಿ ಪಂಡಿತಮ್ಮ! ಏ ಕಮಳೀ, ನಿಮ್ಮ 'ಮನೆ'ದಾಗ ರೊಟ್ಟಿ ಸುಟ್ಟರ ವಾಸನಿ ಬರ್ತದೋ ಇಲ್ಲೋ? ನಮ್ಮ ಮನ್ಯಾಗಂತೂ ಬರ್ತದವ್ವಾ."

ಕಾಕಿಗೆ ಅಕ್ಷರಗಳೆಂದರೆ ಒಂದು ಆಟದಂಥ ಬೆರಗು. ಬೆಂಕಿಪೆಟ್ಟಿಗೆಯ ಮೇಲಿನದನ್ನು, ಬೆಲ್ಲ ಕಟ್ಟಿ ತಂದ ಹಾಳೆಯ ಮೇಲಿನದನ್ನು ಓದಿಸಿ ಕೇಳುತ್ತಿದ್ದಳು. ಒಮ್ಮೆ ಗ್ಯಾಸ್‌ಎಣ್ಣೆಯ ಡಬ್ಬಿಯನ್ನು ನನ್ನ ಮುಂದೆ ತಿರುಗಿಸಿ ಹಿಡಿದು ಏನಿದೆಯೆಂದು ಕೇಳಿದಳು. ಅದರ ಮೇಲಿದ್ದದ್ದು ಇಂಗ್ಲಿಷು. ನನಗೆ ಬರುವುದಿಲ್ಲವೆಂದು ಹೇಳಲು ನನ್ನ ನಾಲಗೆ ಏಳಲಿಲ್ಲ. "ಈ ಎಣ್ಣೆಯಿಂದ ದೀಪ ಹಚ್ಚುವವರು ಚೆನ್ನಾಗಿರಲಿ ಎಂದು ಬರೆದಿದೆ" ಎಂದೆ. ಕಾಕಿ ಡಬ್ಬಿಯನ್ನು ಸೆರಗಿನಿಂದ ಒರೆಸಿ ದೇವರ ಗೂಡಿನ ಪಕ್ಕದಲ್ಲಿಟ್ಟಳು.

ಮುಚ್ಚಿದ ಬಾಗಿಲಿನ ಆ ತಿಂಗಳುಗಳಲ್ಲಿ ಹೊರಗಿನ ಗಾಳಿ ತರುತ್ತಿದ್ದವನು ಬಳೆಗಾರ ಮೌಲಾಸಾಬ. ಸರಹದ್ದಿನ ಎರಡೂ ಕಡೆಯ ಊರುಗಳಲ್ಲಿ ಅವನಿಗೆ ಗಿರಾಕಿಗಳಿದ್ದರು. ಬಳೆಗಾರನನ್ನು ಯಾವ ಪಹರೆಯವನೂ ಹೆಚ್ಚು ತಡೆಯುತ್ತಿರಲಿಲ್ಲ, ಯಾವ ಮನೆಯ ಹೆಂಗಸರೂ ಹೊರಗೆ ನಿಲ್ಲಿಸುತ್ತಿರಲಿಲ್ಲ. ಅವನು ನನ್ನ ಅಪ್ಪನ ಜೊತೆ ಆಡಿ ಬೆಳೆದವನು. ಬಳೆಯ ಸರಗಳ ನಡುವಿನ ಹುಲ್ಲಿನಲ್ಲಿ ಅಪ್ಪನ ಕಾಗದವನ್ನು ಸುರುಳಿ ಸುತ್ತಿ ತರುತ್ತಿದ್ದ. ಉತ್ತರ ಮಾತ್ರ ಬಾಯಿಯಲ್ಲಿಯೇ ಹೋಗುತ್ತಿತ್ತು. ನಾನು ಬರೆದುಕೊಡುತ್ತೇನೆಂದು ಹಟ ಹಿಡಿದಾಗ ಆಯಿ ಒಪ್ಪಲಿಲ್ಲ. "ಮಗಗ ತಾಯಿ ಮಾತ ಹೋಗಬೇಕು. ಹಾಳಿ ಯಾಕ ನಡುವ?" ಎಂದಳು. ಅವಳು ಹೇಳಿದ್ದನ್ನು ಮೌಲಾಸಾಬ ಅವಳೆದುರೇ ತಿರುಗಿ ಹೇಳಬೇಕು. ಒಂದು ಮಾತು ಹೆಚ್ಚುಕಡಿಮೆಯಾದರೂ ಮೊದಲಿಂದ ಹೇಳಬೇಕು. ಸರಿಯಾದ ಮೇಲೆಯೇ ಅವನಿಗೆ ರೊಟ್ಟಿ. ಅವನು ನಗುತ್ತ, "ಆಯಿ, ನಿಮ್ಮ ಮದರಸಾದಾಗ ಪಾಸಾಗೂದು ಕಠಿಣ ಅದ ನೋಡ್ರಿ" ಎನ್ನುತ್ತಿದ್ದ.

ಮೊದಲ ಕಾಗದ ಬಂದದ್ದು ಹೋಳಿ ಹುಣ್ಣಿಮೆಯ ಹಿಂದುಮುಂದು. ಓದಿದ ಕೂಡಲೇ ಸುಟ್ಟುಬಿಡಿ ಎಂದು ಅಪ್ಪ ಅದರಲ್ಲಿಯೇ ಬರೆದಿದ್ದ; ಮನೆಯಲ್ಲಿ ಅಂಥ ಕಾಗದ ಸಿಕ್ಕರೆ ಏನಾಗಬಹುದೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಸುಟ್ಟ ಮೇಲೆ ಉಳಿಯುವುದೇನು ಎಂದು ಅವ್ವ ಅಳತೊಡಗಿದಾಗ ಆಯಿ ಒಂದು ಪದ್ಧತಿ ಮಾಡಿದಳು. ಕಾಗದವನ್ನು ಮೂರು ಸಲ ಓದಬೇಕು. ಮೊದಲ ಸಲ ಎಲ್ಲರೂ ಕೇಳುವುದಕ್ಕೆ. ಎರಡನೆಯ ಸಲ ಅವಳು ಬಾಯಿಗೆ ತೆಗೆದುಕೊಳ್ಳುವುದಕ್ಕೆ. ಮೂರನೆಯ ಸಲ ಅವಳು ನನ್ನೊಡನೆ ತುಟಿಯಾಡಿಸುತ್ತ ತಾಳೆ ನೋಡುವುದಕ್ಕೆ. ಆಮೇಲೆ ಒಲೆಗೆ. ಮರುದಿನ ಬೆಳಗಿನ ಜಾವ ಅವಳೂ ಕಾಕಿಯೂ ಬೀಸಲು ಕುಳಿತಾಗ ಇಡೀ ಕಾಗದ ಬೀಸುವ ಹಾಡಿನ ಧಾಟಿಯಲ್ಲಿ ಹೊರಬಂತು. 'ಪ್ರೀತಿಯ ಅವ್ವನ ಪಾದಕ್ಕೆ ಮಾಣಿಕಪ್ಪನ ಶರಣು' ಎಂಬಲ್ಲಿ ಕಲ್ಲು ಒಂದು ಸುತ್ತು, 'ನಾನೂ ವೈಜಪ್ಪನೂ ಕ್ಷೇಮ' ಎಂಬಲ್ಲಿ ಇನ್ನೊಂದು. ಕಾಕಾನ ಹೆಸರು ಬಂದಾಗ ಕಾಕಿ ಗೂಟವನ್ನು ಬೇಕೆಂದೇ ಜೋರಾಗಿ ಎಳೆಯುತ್ತಿದ್ದಳು. "ಸಾವಕಾಶ, ಹುಚ್ಚೀ. ಅವ ಕಲ್ಲಾಗಿಲ್ಲ, ಸರಹದ್ದಿನಾಚಿ ಅದಾನ" ಎಂದು ಆಯಿ ಗದರುತ್ತಿದ್ದಳು.

ಎರಡನೆಯ ಕಾಗದ ಬಂದದ್ದು ಬಿಸಿಲು ಜೋರಾದ ಕಾಲದಲ್ಲಿ. ಅಂದು ಮೌಲಾಸಾಬ ಹೊಸ್ತಿಲು ದಾಟಲಿಲ್ಲ. ಬಳೆಯ ಗಂಟು ಬಿಚ್ಚಲಿಲ್ಲ. ಅವ್ವ ನೀರು ತಂದರೆ ಬೇಡವೆಂದ. ಸುರುಳಿಯನ್ನು ಆಯಿಯ ಕೈಗಿತ್ತು, "ಕಾಗದದಾಗ ಎಲ್ಲಾ ಅದ ಆಯಿ. ನನಗ ಹೊತ್ತಾತು" ಎಂದು ನೆಲ ನೋಡುತ್ತ ಹೇಳಿ ಹೊರಟುಹೋದ. ಉತ್ತರ ಕೇಳಲೂ ನಿಲ್ಲಲಿಲ್ಲ. ಓಣಿಯಲ್ಲಿ ಯಾರನ್ನೋ ಕಂಡು ಹೆದರಿದ್ದಾನೆಂದು ನಾವು ತಿಳಿದೆವು. ನಾನು ಬೆಳಕಿಂಡಿಯ ಬಿಸಿಲಿಗೆ ಸರಿದು ಕುಳಿತು ಕಾಗದ ಬಿಡಿಸಿದೆ. ಆಯಿ ಎದುರಿಗೆ, ಅವ್ವ ಅಡುಗೆಯ ಕೋಣೆಯ ಬಾಗಿಲಲ್ಲಿ, ಕಾಕಿ ರೊಟ್ಟಿಯ ಹಿಟ್ಟನ್ನು ಬೆರಳುಗಳಿಂದ ಕೆರೆದು ತೆಗೆಯುತ್ತ ನನ್ನ ಬೆನ್ನ ಹಿಂದೆ. ಎರಡು ಸಾಲು ಓದಿದೆ. ಅದರ ಮುಂದಿನದನ್ನು ನನ್ನ ಕಣ್ಣು ಬಾಯಿಗಿಂತ ಮೊದಲೇ ಓದಿತು. ಅದು ಹೀಗಿತ್ತು: 'ವೈಜಪ್ಪ ಜ್ವರದಲ್ಲಿ ತೀರಿಕೊಂಡ ಸುದ್ದಿಯನ್ನು ಮೌಲಾಸಾಬ ಬಾಯಿಂದ ಹೇಳಿರುತ್ತಾನೆ. ಮಣ್ಣು ಇಲ್ಲಿಯೇ ಆಯಿತು. ಕಾಶಿ ಚಿಕ್ಕವಳು, ಅವಳನ್ನು ಔರಾದಿಗೆ ತಾಯಿಯ ಬಳಿ ಕಳಿಸಿರಿ. ಅವಳ ಮುಂದಿನ ಬದುಕಿಗೆ ನಾವು ಅಡ್ಡಿಯಾಗುವುದು ಬೇಡ.'

ಈಗ ನಾನು ಅದನ್ನು ಬಿಡಿಸಿ ಹೇಳಬಲ್ಲೆ. ನಮ್ಮ ಕಡೆ ಸಾವಿನ ಸುದ್ದಿಯನ್ನು ಬರೆದು ತಿಳಿಸುವ ರೂಢಿ ಇರಲಿಲ್ಲ. ಮನುಷ್ಯ ಹೋಗಬೇಕು, ಹೊಸ್ತಿಲ ಹೊರಗೆ ನಿಲ್ಲಬೇಕು, ನೀರು ಮುಟ್ಟದೆ ಹಿರಿಯರಿಗೆ ಮಾತ್ರ ಹೇಳಬೇಕು. ಅಕ್ಷರ ಕಲಿತ ಅಪ್ಪನೂ ಈ ಒಂದು ವಿಷಯದಲ್ಲಿ ಬಾಯನ್ನೇ ನಂಬಿದ್ದ. ಕಾಗದವನ್ನು ಸುದ್ದಿ ತಿಳಿದವರಿಗೆಂದು ಬರೆದಿದ್ದ. ಮೌಲಾಸಾಬನದು ಬೇರೆ ನೇಮ. ಬಳೆ ತೊಡಿಸುವ ಮನೆಗೆ ಬಳೆಗಾರ ಸಾವನ್ನು ಹೊತ್ತು ಹೋಗಬಾರದು. ಅದು ಅವನ ಕಸುಬಿನ ಕಟ್ಟು. ಹೊಸ್ತಿಲ ಹೊರಗೆ ನಿಂತದ್ದು, ನೀರು ಬಿಟ್ಟದ್ದು ಅವನ ಮಟ್ಟಿಗೆ ಬೇಕಾದಷ್ಟು ಸೂಚನೆ. ಉಳಿದದ್ದನ್ನು ಕಾಗದ ಹೇಳುತ್ತದೆಂದು ಅವನು ನಂಬಿದ. ಅಪ್ಪ ಅವನ ಬಾಯಿಗೆ ಬಿಟ್ಟದ್ದನ್ನು ಅವನು ಅಪ್ಪನ ಕಾಗದಕ್ಕೆ ಬಿಟ್ಟ. ಹಾಗೆ ಆ ಸಾವು ಬಂದು ನಿಂತದ್ದು ನನ್ನ ನಾಲಗೆಯ ಮೇಲೆ. ಬೆನ್ನ ಹಿಂದೆ ಹಿಟ್ಟು ಕೆರೆಯುವ ಸದ್ದು ನಿಂತಿತ್ತು. ಕಾಕಿಯ ಉಸಿರು ನನ್ನ ಕುತ್ತಿಗೆಗೆ ತಗಲುತ್ತಿತ್ತು.

"ಯಾಕ ನಿಂತಿ? ಮುಂದ?" ಎಂದಳು ಆಯಿ.

"ವೈಜಪ್ಪನೂ ಕ್ಷೇಮ" ಎಂದೆ. "ಕಾಶಿಗೆ ಹೇಳಿರಿ, ಔರಾದಿಗೆ ಹೋಗುವುದು ಬೇಡ, ನಾನೇ ಬಂದು ಭೇಟಿಯಾಗುತ್ತೇನೆ, ಎಂದು ಹೇಳಿದ್ದಾನೆ."

ಔರಾದಿನ ಮಾತು ನನ್ನ ಬಾಯಿಗೆ ಯಾಕೆ ಬಂತು? ಕಾಗದದಲ್ಲಿ ಔರಾದು ಎಂಬ ಊರಿತ್ತು, ಕಣ್ಣು ಅದರ ಮೇಲೆಯೇ ನೆಟ್ಟಿತ್ತು. ಅದನ್ನು ತಿರುಗುಮುರುಗು ಮಾಡುವಷ್ಟೇ ನನಗೆ ತೋಚಿತು. ಕಾಕಿ ಹೋಗಿಬಿಟ್ಟರೆ ಆ ಕತ್ತಲೆ ಮನೆಯಲ್ಲಿ ನನ್ನೊಡನೆ ನಗುವವರು ಯಾರೂ ಇರುವುದಿಲ್ಲವೆಂಬ ಸ್ವಾರ್ಥವೂ ಇದ್ದಿರಬೇಕು. ಅದನ್ನು ಮುಚ್ಚಿಡಲಾರೆ. ಕಾಕಿ ಹಿಂದಿನಿಂದ ನನ್ನನ್ನು ತಬ್ಬಿಕೊಂಡಳು. ಹಿಟ್ಟು ನನ್ನ ಜಂಪರಿಗೆಲ್ಲ ಮೆತ್ತಿತು. ಅಷ್ಟಕ್ಕೆ ಮುಗಿಯಿತೆಂದು ನಾನು ಭಾವಿಸಿದ್ದೆ. ಆಯಿ ಎರಡನೆಯ ಓದಿಗೆ ಕೈ ತೋರಿಸಿದಳು. ಆ ಸಾಲಿಗೆ ಬಂದಾಗ ನಾನು, 'ಕಾಶಿ ಔರಾದಿಗೆ ಹೋಗುವುದು ಬೇಡವೆಂದು ವೈಜಪ್ಪ ಹೇಳಿದ್ದಾನೆ, ಅವನೂ ಕ್ಷೇಮ' ಎಂದುಬಿಟ್ಟೆ. ಆಯಿಯ ಕೈ ಮೇಲೆ ಹೋಯಿತು.

"ನಿಂದ್ರು. ಮೊದಲ ಕ್ಷೇಮ ಇತ್ತು, ಆಮ್ಯಾಲ ಔರಾದ. 'ನಾನೇ ಬಂದು ಭೇಟಿ ಆಗ್ತೇನಿ' ಅಂಬೂದು ಎಲ್ಲಿ ಹೋತು?"

"ಇದೆ ಆಯಿ. ನಾನು ಒಂದು ಸಾಲು ಬಿಟ್ಟೆ."

"ಹಾಳ್ಯಾಗ ಕಣ್ಣಿಟ್ಟು ಓದಾಕಿ ಸಾಲು ಬಿಡ್ತಾಳ, ಕೇಳಾಕಿ ನಾ ಬಿಡಂಗಿಲ್ಲ! ಅಪ್ಪ ಕಲಿಸಿದ ವಿದ್ಯಾ ಇದೇನು? ಮೊದಲಿಂದ ಓದು."

ಮೂರನೆಯ ಸಲ ನಾನು ಒಂದು ಅಕ್ಷರವೂ ತಪ್ಪಲಿಲ್ಲ. ಆಯಿ ತಲೆಯಾಡಿಸಿದಳು. ಅವ್ವ ಕಾಗದವನ್ನು ಒಲೆಗೆ ಹಾಕಿದಳು. ಸುಳ್ಳು ಆಯಿಯ ಬಾಯಿಯಲ್ಲಿ ಭದ್ರವಾಯಿತು. ಸತ್ಯವಿದ್ದ ಒಂದೇ ಹಾಳೆ ಬೂದಿಯಾಯಿತು. ಅಂದಿನಿಂದ ನನಗೆ ಓದು ಬರೆಹ ಯಾವ ಉಪಕಾರಕ್ಕೂ ಬರಲಿಲ್ಲ. ನಾನು ಹೇಳಿದ್ದನ್ನು ನಾನೇ ಬಾಯಿಪಾಠ ಮಾಡಿಕೊಳ್ಳಬೇಕಾಯಿತು. ಬಾವಿಯ ಕಟ್ಟೆಯ ಮೇಲೆ ಕುಳಿತು, ಹಗ್ಗ ಇಳಿಬಿಟ್ಟು, ಆ ಎರಡು ಸಾಲನ್ನು ಮನಸ್ಸಿನಲ್ಲಿಯೇ ಉರು ಹೊಡೆಯುತ್ತಿದ್ದೆ. ಆಯಿ ಯಾವ ಗಳಿಗೆಯಲ್ಲಿ ಯಾವ ಮಾತಿನ ತುದಿ ಹಿಡಿದು ಕೇಳುತ್ತಾಳೋ ಎಂದು. ಕಾಗದದ ನಿಜವಾದ ಸಾಲುಗಳನ್ನೂ ಮರೆಯಲು ಆಗಲಿಲ್ಲ. ದಿನವೂ ಬೆಳಗಿನಲ್ಲಿ ಬೀಸುವ ಕಲ್ಲಿನ ಮುಂದೆ ಕಾಕಾ ಕ್ಷೇಮವಾಗಿದ್ದ. ಕೌದಿಯೊಳಗೆ ಕಿವಿ ಮುಚ್ಚಿಕೊಂಡರೂ ಆ ಧಾಟಿ ಕೇಳುತ್ತಿತ್ತು, ಮಾತಿನ ಜಾಗವನ್ನು ನನ್ನ ತಲೆಯೇ ತುಂಬುತ್ತಿತ್ತು.

ಮಳೆಗಾಲದ ಮೊದಲಲ್ಲಿ ಕಾಕಿಯ ಅಣ್ಣ ಔರಾದಿನಿಂದ ಗಾಡಿ ಹೂಡಿಕೊಂಡು ಬಂದ. ಆ ಹಾದಿಯಲ್ಲಿ ಆಗ ಗಾಡಿ ಹೂಡುವುದು ಸಣ್ಣ ಮಾತಾಗಿರಲಿಲ್ಲ. ತಂಗಿಯನ್ನು ಕಳಿಸಿಕೊಡಿ, ತಾಯಿಗೆ ಕಣ್ಣು ಮಂಜಾಗಿದೆ, ಅವಳನ್ನೇ ನೆನೆಯುತ್ತಾಳೆ ಎಂದ. ಆಯಿ ಹೋಗೆಂದಳು. ಅವ್ವ ಸೀರೆ ಕಟ್ಟಿಕೊಡಲು ಎದ್ದಳು. ಕಾಕಿ ಕಂಬ ಹಿಡಿದು ನಿಂತು ನಕ್ಕಳು.

"ಅಣ್ಣಾ, ಅವರು ಬರೋತನಕ ಹೋಗಬ್ಯಾಡ ಅಂತ ಹೇಳಿ ಕಳಿಸ್ಯಾರ. ಬೇಕಂದ್ರ ನಮ್ಮ ಅತ್ತೀನ ಕೇಳು, ಬಾಯಾಗ ಇಟ್ಕೊಂಡಾಳ."

ಆಯಿ ಹೇಳಿದಳು, ಅಕ್ಷರ ತಪ್ಪದಂತೆ. ಆ ಅಣ್ಣ ಕೇಳಿ, ಗಂಡನ ಮಾತು ದೊಡ್ಡದೆಂದು ಒಪ್ಪಿ, ಖಾಲಿ ಗಾಡಿ ತಿರುಗಿಸಿದ. ನಾನು ಹಗೇವಿನ ಕೋಣೆಯಲ್ಲಿದ್ದೆ. ಬಾಯಿ ತೆರೆದರೆ ಕಾಕಿ ಹೋಗಬಹುದಿತ್ತು, ತೆರೆದರೆ ಅವಳ ಹಣೆಯ ಕುಂಕುಮವೂ ಹೋಗುತ್ತಿತ್ತು. ಗಾಡಿಯ ಸದ್ದು ಓಣಿಯ ತಿರುವು ದಾಟುವವರೆಗೆ ಕಾದೆ. ಆಮೇಲೆ ಹೊರಗೆ ಬಂದೆ.

ಮೌಲಾಸಾಬ ಮತ್ತೆ ಬಂದದ್ದು ಶ್ರಾವಣದಲ್ಲಿ. ಬಾಗಿಲು ತೆರೆದವಳು ಕಾಕಿ. ಅವಳ ಹಣೆಯ ಕುಂಕುಮವನ್ನು, ಕೈಯಲ್ಲಿ ಉಳಿದಿದ್ದ ಒಂದೆರಡು ಹಳೆಯ ಬಳೆಗಳನ್ನು ನೋಡಿ ಅವನು ಹೆಜ್ಜೆ ಹಿಂದಿಟ್ಟ. ಈ ಸಲ ತಂದ ಕಾಗದ ಎರಡೇ ಸಾಲಿನದು. ತಾನು ಆರೋಗ್ಯ, ಕಾಶಿ ಔರಾದಿನಲ್ಲಿ ನೆಮ್ಮದಿಯಾಗಿದ್ದಾಳೆಯೇ ಎಂದು ಅಪ್ಪ ಕೇಳಿದ್ದ. 'ಇಬ್ಬರೂ ಆರೋಗ್ಯ, ಕಾಶಿ ನೆಮ್ಮದಿಯಾಗಿದ್ದಾಳೆಯೇ ಎಂದು ವೈಜಪ್ಪ ಕೇಳುತ್ತಾನೆ' ಎಂದು ಮೂರು ಸಲ ಒಂದೇ ಸಮನಾಗಿ ಓದಿದೆ. ಅಷ್ಟು ಹೊತ್ತಿಗೆ ಆ ವಿದ್ಯೆ ಕೈಹತ್ತಿತ್ತು. ಮೌಲಾಸಾಬ ಪಡಸಾಲೆಯ ಕಂಬಕ್ಕೆ ಒರಗಿ ಕೇಳಿದ. ಅವನಿಗೆ ಕನ್ನಡದ ಅಕ್ಷರ ಗೊತ್ತಿರಲಿಲ್ಲ. ಆದರೆ ಸತ್ತವನಿಗೆ ತಾನೇ ಮುಷ್ಟಿ ಮಣ್ಣು ಹಾಕಿ ಬಂದವನು. ಆಯಿ ಉತ್ತರ ಹೇಳಿದಳು: ಎಮ್ಮೆ ಈದಿದೆ, ಹೆಣ್ಣುಗರು. ಮಾಳಿಗೆ ಸೋರುತ್ತಿದೆ. ವೈಜ್ಯಾನಿಗೆ ಹೇಳು, ಹಸಿದ ಹೊಟ್ಟೆಯಲ್ಲಿ ನೀರು ಕುಡಿಯಬೇಡ, ಕಾಶಿ ದಾರಿ ನೋಡುತ್ತಿದ್ದಾಳೆ.

"ಎಮ್ಮಿ ಈದದ, ಹೆಣ್ಣುಗರ" ಎಂದು ಮೌಲಾಸಾಬ ತಿರುಗಿ ಹೇಳಿದ. "ಮಾಳಿಗಿ ಸೋರ್ತದ."

"ಮತ್ತ?"

"ಅಷ್ಟ ಅಲ್ಲೇನ್ರಿ ಆಯಿ."

"ಯಾಕೋ, ಬಿಸಿಲು ಬಡದದೇನು? ವೈಜ್ಯಾನ ಮಾತು ನುಂಗಿದಿ. ಮೊದಲಿಂದ ಹೇಳು."

ಅವನು ಮೊದಲಿಂದ ಹೇಳಿದ. ಕೊನೆಯ ಮಾತನ್ನು ಹೇಳುವಾಗ ಅವನ ಕಣ್ಣು ನನ್ನ ಮೇಲಿತ್ತು. "ವೈಜಪ್ಪಗ ಹೇಳ್ತೇನಿ, ಹಸಿದ ಹೊಟ್ಟಿಲೆ ನೀರು ಕುಡೀಬ್ಯಾಡ. ಕಾಶೀಬಾಯಿ ದಾರಿ ನೋಡಾಕತ್ಯಾಳ." ಆಯಿ ತೃಪ್ತಳಾಗಿ ರೊಟ್ಟಿ ತರಲು ಹೇಳಿದಳು. ಆಗ ಕಾಕಿ ಅವನೆದುರು ಕುಕ್ಕುರುಗಾಲಿನಲ್ಲಿ ಕುಳಿತು ಎರಡೂ ಕೈ ಚಾಚಿದಳು.

"ಭಯ್ಯಾ, ಹೋದ ಸಲ ಗಂಟ ಬಿಚ್ಚಲಿಲ್ಲ. ಇವತ್ತ ಬಿಡಂಗಿಲ್ಲ. ಹಸಿರು ಇಡಿಸು. ಶ್ರಾವಣದಾಗ ಬೋಳುಗೈ ಮಾಡ್ಕೊಂಡು ಕುಂಡ್ರಲೇನು?"

"ನಿನ್ನ ಅಳತಿದು ಇಲ್ಲವ್ವಾ."

"ಸುಳ್ಳ! ಅದಾವ ಅಲ್ಲ ಮ್ಯಾಲೇ. ಕಮಳೀ, ನೋಡ, ಇಷ್ಟು ವರ್ಷದಾಗ ಬಳಿಗಾರ ಮೊದಲ ಸಲ ವ್ಯಾಪಾರ ಒಲ್ಲೆ ಅನ್ನಾಕತ್ಯಾನ."

ಅವನು ಗಂಟು ಬಿಚ್ಚಿದ. ಕಾಕಿಯ ಬೆರಳುಗಳನ್ನು ಕೂಡಿಸಿ, ಒತ್ತಿ, ಒಂದೊಂದೇ ಬಳೆ ಏರಿಸಿದ. ಅವನಂಥ ಕುಶಲಿಯ ಕೈಯಲ್ಲಿ ಅಂದು ಮೂರು ಬಳೆ ಒಡೆದವು. ಒಡೆದಾಗಲೆಲ್ಲ ಕಾಕಿ, "ಇರಲಿ ಬಿಡು, ಇನ್ನೊಂದು ಇಡಿಸು" ಎನ್ನುತ್ತಿದ್ದಳು. ತೊಡಿಸಿ ಮುಗಿದ ಮೇಲೆ ಬಳೆಗಾರ ಹೇಳಬೇಕಾದ ಹರಕೆಯನ್ನು ಅವನು ಹೇಳಲಿಲ್ಲ. ಬಳೆಯ ಬೆಲೆಗೆಂದು ಅಳೆದ ಜೋಳವನ್ನೂ ತೆಗೆದುಕೊಳ್ಳಲಿಲ್ಲ. ಕೈ ತೊಳೆಯುವ ನೆವದಿಂದ ಅಂಗಳಕ್ಕೆ ಬಂದ. ನಾನು ಬಾವಿಯ ಹತ್ತಿರವಿದ್ದೆ.

"ಬೇಟೀ, ಆವತ್ತಿನ ಕಾಗದದಾಗ ಇರಲಿಲ್ಲೇನು?"

"ಇತ್ತು."

"ಯಾ ಅಲ್ಲಾ." ಅವನು ಕಟ್ಟೆಯ ಮೇಲೆ ಕುಳಿತುಬಿಟ್ಟ. ತನ್ನ ಅಂಗೈಗಳನ್ನು ನೋಡಿಕೊಂಡ. "ನಾ ಹ್ಯಾಂಗ ಹೇಳಲಿ? ಈಗಷ್ಟ ಈ ಕೈಲೆ ಬಳಿ ಇಡಿಸೀನಿ. ಇಡಿಸಿದಂವನ ಬಾಯಿಲೆ ಹೇಳಾಕ ಬರಂಗಿಲ್ಲ ಬೇಟೀ. ನೀ ಹೇಳು. ಓದಿದಾಕಿ ನೀ, ನೀನ ಹೇಳಬೇಕು."

"ನೀವು ಅಪ್ಪನಿಗೆ ಹೇಳಿ. ಅಪ್ಪನೇ ಬಂದು ಹೇಳಲಿ" ಎಂದೆ. ಅವನು ಹೂಂ ಎಂದ. ಹೊಸ್ತಿಲು ದಾಟುವ ಮುಂಚೆ ನನ್ನ ತಲೆಯ ಮೇಲೆ ಕೈ ಇಟ್ಟ. ಆ ಕೈ ಬಹಳ ಭಾರವಾಗಿತ್ತು.

ಅವನು ಅಪ್ಪನನ್ನು ಮುಟ್ಟಲಿಲ್ಲ. ಸರಹದ್ದಿನ ಹಾದಿಗಳೆಲ್ಲ ಕಟ್ಟಿದ್ದವು. ಭಾದ್ರಪದದಲ್ಲಿ ಭಾರತದ ದಂಡು ಬಂತು. ಬೀದರಿನ ಕಡೆಯಿಂದ ಎರಡು ದಿನ ಗುಡುಗಿನಂಥ ಸದ್ದು ಕೇಳಿತು. ಮೂರನೆಯ ದಿನ ಓಣಿಯಲ್ಲಿ ಜೈಕಾರ ಎದ್ದಿತು. ಆಯಿ ಅಗಳಿ ತೆಗೆದಳು. ಎಂಟು ತಿಂಗಳ ಮೇಲೆ ನಾನು ಓಣಿಯ ನಡುವೆ ನಿಂತೆ, ಕಣ್ಣು ಕುಕ್ಕಿ ನೀರು ಬಂತು. ಎದುರು ಸಾಲಿನ ಮುಸಲ್ಮಾನರ ಮನೆಗಳ ಬಾಗಿಲುಗಳು ಅಂದು ಮುಚ್ಚಿಕೊಂಡವು. ಒಳಗೆ ಯಾರೋ ಒಲೆಯ ಉರಿ ತಗ್ಗಿಸುತ್ತಿದ್ದರು. ಮುಂದಿನ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಅವರ ಮೇಲೆ ನಡೆದದ್ದನ್ನು ದೊಡ್ಡವರು ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಿದ್ದರು. ಮೌಲಾಸಾಬ ನಮ್ಮ ಓಣಿಗೆ ಮತ್ತೆ ಬರಲಿಲ್ಲ. ಅವನೇನಾದನೆಂದು ಅಪ್ಪ ಊರೂರು ಕೇಳಿದ, ಖಚಿತವಾಗಿ ಹೇಳಿದವರಿಲ್ಲ. ನನ್ನ ಗುಟ್ಟು ತಿಳಿದಿದ್ದ ಒಬ್ಬನೇ ಮನುಷ್ಯ ಅವನು. ಆ ವಯಸ್ಸಿನಲ್ಲಿ ನನಗೆ ಮೊದಲು ಅನಿಸಿದ್ದು ಬಿಡುಗಡೆ. ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿದದ್ದು ಆ ಒಂದು ಕಾರಣಕ್ಕೆ.

ಅಪ್ಪ ಬಂದದ್ದು ಹತ್ತು ದಿನಗಳ ಮೇಲೆ, ನಡುಮಧ್ಯಾಹ್ನ. ಗಡ್ಡ ಬೆಳೆದಿತ್ತು, ಹೆಗಲಿಗೆ ಒಂದು ಚೀಲ. ಹೊಸ್ತಿಲಲ್ಲಿ ನಿಂತ ಆಯಿ ಅವನ ಮುಖ ಸವರಿ, ಅವನ ಹೆಗಲಾಚೆಗೆ ಓಣಿಯನ್ನು ನೋಡಿದಳು. ಕಾಕಿ ತಲೆ ಬಾಚಿ ಹೂ ಮುಡಿದು ಕಂಬದ ಮರೆಯಲ್ಲಿ ನಿಂತಿದ್ದಳು.

"ಅಂವ ಎಲ್ಲಿ? ಹಿಂದ ಬರಾಕತ್ಯಾನೇನು?"

ಅಪ್ಪ ಮೊದಲು ಆಯಿಯನ್ನು, ಆಮೇಲೆ ಹೂ ಮುಡಿದ ಕಾಕಿಯನ್ನು ನೋಡಿದ. "ಅವ್ವಾ, ಕಾಗದದಾಗ ಬರದಿದ್ನಲ್ಲಾ."

"ನೀ ಬರದದ್ದು ನನ್ನ ಬಾಯಾಗ ಅದ" ಎಂದಳು ಆಯಿ. ಅಲ್ಲಿಯೇ, ಬಾಗಿಲ ಚೌಕಟ್ಟು ಹಿಡಿದು, ಎರಡನೆಯ ಕಾಗದವನ್ನು ಮೊದಲಿಂದ ಹೇಳಿದಳು. ಪ್ರೀತಿಯ ಅವ್ವನ ಪಾದಕ್ಕೆ ಶರಣು. ವೈಜಪ್ಪನೂ ಕ್ಷೇಮ. ಕಾಶಿಗೆ ಹೇಳಿರಿ. ಅಪ್ಪ ತಾನು ಬರೆದ ಸಾಲುಗಳು ಎದುರಿಗೆ ಬರುತ್ತಿದ್ದಂತೆ ತಲೆದೂಗುತ್ತಿದ್ದವನು ವೈಜಪ್ಪನ ಹೆಸರಿಗೆ ನಿಂತ. ಅವನ ಕಣ್ಣು ಪಡಸಾಲೆಯಲ್ಲೆಲ್ಲ ಹುಡುಕಿ ನನ್ನ ಮೇಲೆ ಬಂದು ನಿಂತಿತು. ಕೇಳಿದವಳು ಕಾಕಿ. ಕಂಬ ಬಿಟ್ಟು ನಡುಮನೆಗೆ ಬಂದು, ನನ್ನೆದುರು ಮೊಣಕಾಲೂರಿ ಕುಳಿತು, ನನ್ನ ಎರಡೂ ರಟ್ಟೆ ಹಿಡಿದಳು.

"ಆ ಕಾಗದದಾಗ ಏನಿತ್ತು? ನೀ ಹೇಳು."

ಹೇಳಿದೆ. ವೈಜಪ್ಪ ಜ್ವರದಲ್ಲಿ ತೀರಿಕೊಂಡ ಸುದ್ದಿಯನ್ನು ಎಂಬಲ್ಲಿಂದ ಅಡ್ಡಿಯಾಗುವುದು ಬೇಡ ಎಂಬಲ್ಲಿಯವರೆಗೆ, ಒಂದು ಮಾತೂ ಬಿಡದೆ, ಸೇರಿಸದೆ. ಅಪ್ಪ ಚೀಲವನ್ನು ಕೆಳಗಿಟ್ಟ. ಕಾಕಿ ಮಾತ್ರ ನನ್ನ ರಟ್ಟೆ ಬಿಡಲಿಲ್ಲ.

"ಅಣ್ಣ ಗಾಡಿ ತಂದಾಗ ಗೊತ್ತಿತ್ತು ನಿನಗ?"

"ಗೊತ್ತಿತ್ತು."

"ಶ್ರಾವಣದಾಗ ಬಳಿ ಇಡಿಸ್ಕೊಂಡಾಗ?"

"ಗೊತ್ತಿತ್ತು ಕಾಕಿ."

ಅವಳು ಮೆಲ್ಲನೆ ಕೈ ತೆಗೆದಳು. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ. ಮುಂದಿನ ಹತ್ತು ದಿನ ಮನೆಯಲ್ಲಿ ಆಗಬೇಕಾದದ್ದೆಲ್ಲ ತಡವಾಗಿ ಆಯಿತು. ಹನ್ನೊಂದನೆಯ ದಿನ ಅವಳ ಅಣ್ಣ ಅದೇ ಗಾಡಿ ತಂದ. ಗಾಡಿ ಹತ್ತುವಾಗ ಅವಳು ಅವ್ವನನ್ನು ತಬ್ಬಿ ಅತ್ತಳು, ಆಯಿಯ ಕಾಲು ಮುಟ್ಟಿದಳು. ನನ್ನ ತಲೆಯನ್ನೂ ಸವರಿದಳು.

ಆಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿತ್ತು. ತಿಂಗಳ ಮೇಲೆ ಅವಳು ಮತ್ತೆ ಬೀಸಲು ಕುಳಿತಳು. ಕಾಕಿಯ ಜಾಗದಲ್ಲಿ ಈಗ ಗೂಟ ಹಿಡಿದವಳು ನಾನು. ಕಾಗದದ ಹಾಡು ಮೊದಲಾಯಿತು; ವೈಜಪ್ಪನೂ ಕ್ಷೇಮ ಎಂದು ಬಂತು. ಅಪ್ಪ ಒಳಗಿನಿಂದ ಎದ್ದು ಬಂದು ಕೈಮುಗಿದ.

"ಅವ್ವಾ, ಅದು ಬಿಡು. ಅದು ನಾ ಬರದದ್ದಲ್ಲ. ಅಂವ ಹೇಳಿದ್ದೂ ಅಲ್ಲ."

"ನೀ ಬರೀಲಿಲ್ಲಂದ್ರ ಏನಾತು? ನಾ ಕೇಳೀನಿ" ಎಂದಳು ಆಯಿ, ಕಲ್ಲು ನಿಲ್ಲಿಸದೆ.

ಅವಳು ಬದುಕಿದ್ದ ಇನ್ನೂ ಆರು ವರ್ಷ ಅದನ್ನು ಹಾಡಿದಳು. ನಾನು ಎದುರಿಗೆ ಕುಳಿತು ಕಲ್ಲು ತಿರುಗಿಸಿದೆ. ಮುಂದೆ ನಾನು ಶಿಕ್ಷಕಿಯಾದೆ. ಗಟ್ಟಿಯಾಗಿ ಓದುವಾಗ ಮಕ್ಕಳು ಇಲ್ಲದ ಒಂದು ಮಾತನ್ನು ಸೇರಿಸಿದರೆ, ಇದ್ದದ್ದನ್ನು ನುಂಗಿದರೆ, ನಾನು ಸಹಿಸುತ್ತಿರಲಿಲ್ಲ. ಪುಟದ ಮೊದಲಿಂದ ಓದಿಸುತ್ತಿದ್ದೆ. ಕಠಿಣ ಬಾಯಿಯವಳೆಂದು ನನಗೆ ಹೆಸರು ಬಂತು. ಆ ಹೆಸರಿಗೆ ನಾನು ಆಕ್ಷೇಪಿಸಲಿಲ್ಲ.

ಕಾಕಿ ಔರಾದಿನಲ್ಲಿಯೇ ಉಳಿದಳು. ಉಡಿಕೆಗೆ, ಎಂದರೆ ಮರುಮದುವೆಗೆ, ಕೇಳಿ ಬಂದವರಿದ್ದರು, ಅವಳು ಒಪ್ಪಲಿಲ್ಲ. ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಆ ಊರಿಗೆ ಬಂದಾಗ ಮೊದಲ ದಿನವೇ ಹೋಗಿ ಕುಳಿತಳೆಂದು ಅವಳ ಅಣ್ಣ ಹೇಳಿದ್ದ. ನನಗೆ ನೌಕರಿ ಸಿಕ್ಕ ವರ್ಷ ಪೇಡೆ ಹಿಡಿದು ಅವಳನ್ನು ನೋಡಲು ಹೋದೆ. ಅವಳು ಚಹಾ ಮಾಡಿಕೊಟ್ಟಳು, ಅವ್ವನ ಮೊಣಕಾಲು ನೋವು ವಿಚಾರಿಸಿದಳು, ನನ್ನ ಮೊದಲ ಸಂಬಳದ ಸೀರೆಯ ಅಂಚನ್ನು ಮುಟ್ಟಿ ಚೆನ್ನಾಗಿದೆ ಎಂದಳು. ಹಾಗೆ ಕುಳಿತಿದ್ದಾಗ ಅಂಚೆಯವನು ಬಾಗಿಲಲ್ಲಿ ನಿಂತು ಒಂದು ಲಕೋಟೆ ಚಾಚಿದ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಕಾಕಿ ಲಕೋಟೆಯನ್ನು ನನ್ನ ಕೈ ದಾಟಿಸಿ ತೆಗೆದುಕೊಂಡಳು. ಬಾಗಿಲಿನ ಬೆಳಕಿಗೆ ತಿರುಗಿ ಕುಳಿತು ಬಿಡಿಸಿದಳು. ನಮ್ಮ ಮನೆತನದಲ್ಲಿ ಅದುವರೆಗೆ ಓದು ಬಂದವರೆಲ್ಲ ಗಟ್ಟಿಯಾಗಿಯೇ ಓದುತ್ತಿದ್ದರು. ಕಡೇಪಕ್ಷ ತುಟಿಯಾದರೂ ಅಲುಗುತ್ತಿತ್ತು. ಅವಳ ತುಟಿ ಅಲುಗಲಿಲ್ಲ. ಕಣ್ಣು ಮಾತ್ರ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಒಂದು ಕಡೆ ಮುಖದಲ್ಲಿ ನಗೆಯಂಥದು ಬಂದು ಹೋಯಿತು.

"ಏನು ಬರೆದಿದ್ದಾರೆ ಕಾಕಿ?" ಎಂದೆ.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಚೀಲಕ್ಕೆ ಸೇರಿಸಿದಳು.

"ಬರದಾರ. ನಾ ಓದೀನಿ" ಎಂದಳು. "ಚಹಾ ಆರ್ತದ, ಕುಡಿ."